ಎದುರಿನ ಫುಟ್‌ಪಾತ್‌ನಿಂದ ಮುಂಬೈ

ಕೇಳುಗರಿಗೆಲ್ಲ ನಮಸ್ಕಾರ.

ಮುಂಬೈಯಲ್ಲಿ ಅಣ್ಣನೋ ಮಾವನೋ ಭಾವನೋ ಒಬ್ಬರಾದರೂ ಇಲ್ಲದ ಮನೆ ನಮ್ಮ ಕರಾವಳಿಯಲ್ಲಿ ಕಡಿಮೆ. ಮದುವೆಗೋ ಸೀಮಂತಕ್ಕೋ ಹೋಗುತ್ತೀರಿ, ನಾಲ್ಕು ದಿನ ಇದ್ದು ಬರುತ್ತೀರಿ. ಏನು ನೋಡಿದಿರಿ ಅಂತ ಕೇಳಿದರೆ ಒಂದು ಮಾಲ್‌ನ ಹೆಸರು ಹೇಳುತ್ತೀರಿ. ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ. ಆ ಊರಿನಲ್ಲಿ ಮೂವತ್ತು ವರ್ಷ ಹುಡುಗರಿಗೆ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸಿದವನು ನಾನು. ಅದಕ್ಕೂ ಮೊದಲು ಅಲ್ಲಿನ ಫೋರ್ಟ್ ಎಂಬ ಹಳೆಯ ಪೇಟೆಯ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದೆ. ಸಂಜೆಯಾದರೆ ರಾತ್ರಿಶಾಲೆ. ಆಫೀಸುಗಳಿಗೆ ಚಹಾ ಹೊತ್ತುಕೊಂಡು ಓಡುವಾಗ ಆ ಕಟ್ಟಡಗಳನ್ನು ನೋಡಿ ನೋಡಿಯೇ ಈ ಕಸುಬಿಗೆ ಬಿದ್ದೆ. ನೋಡುವುದಕ್ಕೆ ಯಾರೂ ನನ್ನ ಹತ್ತಿರ ದುಡ್ಡು ಕೇಳಲಿಲ್ಲ.

ಇವತ್ತು ನಾನು ಹೇಳುವುದು ಒಂದೇ ಮಾತು. ಕಟ್ಟಡದ ಎದುರಿನ ಫುಟ್‌ಪಾತ್‌ಗೆ ಹೋಗಿ. ನಿಲ್ಲಿ. ತಲೆ ಎತ್ತಿ. ಅಷ್ಟೇ.

"ಒಳಗೆ ಬಿಡ್ತಾರಾ ಸರ್? ಟಿಕೆಟ್ ಎಷ್ಟು?" ಎಲ್ಲರೂ ಮೊದಲು ಕೇಳುವುದು ಇದನ್ನೇ. ಒಳಗೆ ಯಾಕೆ ಹೋಗಬೇಕು? ಫೋರ್ಟ್‌ನಲ್ಲಿ ಕಟ್ಟಿಸಿದವರು ಜಾಸ್ತಿ ದುಡ್ಡು ಸುರಿದದ್ದು ರಸ್ತೆಯ ಕಡೆಯ ಗೋಡೆಗೆ. ರಸ್ತೆಯಲ್ಲಿ ಹೋಗುವವರು ನೋಡಲಿ ಅಂತಲೇ. ನೀವು ನೋಡದೆ ಮುಂದೆ ಹೋದರೆ ಅವರ ದುಡ್ಡು ದಂಡ.

ಹೊರಡುವುದು ಸಿಎಸ್‌ಎಂಟಿಯಿಂದ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದಿಂದ. ನಮ್ಮ ಹಿರಿಯರ ಬಾಯಲ್ಲಿ ಇನ್ನೂ ವಿಟಿ, ಹಳೆಯ ವಿಕ್ಟೋರಿಯಾ ಟರ್ಮಿನಸ್. ಮತ್ಸ್ಯಗಂಧ ರೈಲಿನಲ್ಲಿ ಹೋದವರು ಕುರ್ಲಾದಲ್ಲಿ ಇಳಿದು, ತಿಲಕ್‌ನಗರದಲ್ಲಿ ಹಾರ್ಬರ್ ಲೋಕಲ್ ಹತ್ತಿದರೆ ನೇರ ಅಲ್ಲಿಗೇ. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ ನಕ್ಷೆ ಬರೆದದ್ದು. 1878ರಲ್ಲಿ ಶುರುವಾದ ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು. 2004ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಿನಾ ಲಕ್ಷಗಟ್ಟಲೆ ಜನ ಅದರೊಳಗೆ ಓಡಾಡುತ್ತಾರೆ. ತಲೆ ಎತ್ತುವವರು ಎಷ್ಟು ಮಂದಿ, ನೀವೇ ಹೇಳಿ.

ಇಲ್ಲಿ ನಮ್ಮ ಚಿಕ್ಕಪ್ಪನ ವಿಷಯ ಹೇಳಲೇಬೇಕು. ಕುಂದಾಪುರದ ಹತ್ತಿರದ ಹಳ್ಳಿಯವರು, ಜೀವನವಿಡೀ ಮುರಕಲ್ಲಿನ ಮನೆ ಕಟ್ಟಿದ ಮೇಸ್ತ್ರಿ. ಮೊಮ್ಮಗನ ನಾಮಕರಣಕ್ಕೆ ಅಂತ ಮುಂಬೈಗೆ ಬಂದಿದ್ದರು. ಬಂದ ಮರುದಿನ ಮನೆಯವರೆಲ್ಲ ಸೇರಿ ಒಂದು ಕಾರು ಮಾಡಿ 'ಮುಂಬೈ ದರ್ಶನ' ಮಾಡಿಸಿದ್ದಾರೆ. ಹನ್ನೆರಡು ಜಾಗ. ಹನ್ನೆರಡು ಸಲ ಇಳಿಯುವುದು, ಫೋಟೊ ತೆಗೆಯುವುದು, ಓಡಿ ಬಂದು ಹತ್ತುವುದು. ಎರಡೂವರೆ ಸಾವಿರ ರೂಪಾಯಿ. ರಾತ್ರಿ ನನಗೆ ಫೋನ್ ಮಾಡಿದರು: "ಡ್ರೈವರನ ಬೆನ್ನು ಒಂದು ಲಾಯ್ಕ್ ಕಂಡಿತು ಮಾರಾಯ."

ಮರುದಿನ ಭಾನುವಾರ. ಬೆಳಗ್ಗೆ ಏಳಕ್ಕೆ ಅವರನ್ನು ವಿಟಿಯ ಎದುರು, ಮಹಾನಗರ ಪಾಲಿಕೆಯ ಕಟ್ಟಡದ ಬದಿಯ ಫುಟ್‌ಪಾತ್‌ನಲ್ಲಿ ನಿಲ್ಲಿಸಿದೆ. ನಾನು ಮೇಷ್ಟ್ರಲ್ವಾ, ಶುರು ಮಾಡಿದೆ. ಮೇಲೆ ಗುಮ್ಮಟ ನೋಡಿ, ಅದರ ತುದಿಯಲ್ಲಿ ಹೆಂಗಸಿನ ಪ್ರತಿಮೆ, ಹೆಸರು ಪ್ರಗತಿ, ಒಂದು ಕೈಯಲ್ಲಿ ದೀವಟಿಗೆ, ಇನ್ನೊಂದರಲ್ಲಿ ಚಕ್ರ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಒಂದು ಕಡೆ ಹುಲಿ. ಸಿಂಹ ಬ್ರಿಟನ್, ಹುಲಿ ನಾವು. ಕೆತ್ತನೆಗೆಲ್ಲ ಬಾಂಬೆ ಸ್ಕೂಲ್ ಆಫ್ ಆರ್ಟ್‌ನ ಹುಡುಗರು ಕೈ ಹಚ್ಚಿದ್ದರು.

ಚಿಕ್ಕಪ್ಪನಿಗೆ ಇದು ಯಾವುದೂ ಬೇಡ. ಅವರು ನೋಡುತ್ತಿದ್ದದ್ದು ಮೂಲೆಗಳನ್ನು. ಕಲ್ಲು ಕಲ್ಲಿಗೆ ಕೂಡುವ ಸಂದನ್ನು. ಎಷ್ಟೋ ಹೊತ್ತಿನ ಮೇಲೆ, ಗೋಡೆಯಿಂದ ಮುಂದಕ್ಕೆ ಕುತ್ತಿಗೆ ಚಾಚಿದ ಕಲ್ಲಿನ ಪ್ರಾಣಿಗಳ ಕಡೆ ಬೆರಳು ಮಾಡಿದರು. "ಇದ್ ಮಳಿ ನೀರ್ ಹೋಪುಕೆ ಅಲ್ದಾ?"

ನಾನು ಬೆಪ್ಪಾದೆ. ಅವಕ್ಕೆ ಗಾರ್ಗಾಯಿಲ್ ಅಂತ ಹೆಸರು. ಯುರೋಪಿನ ಚರ್ಚುಗಳ ಚಿತ್ರ ತೋರಿಸಿ, ಕ್ಲಾಸಿನಲ್ಲಿ ಅದರ ಬಗ್ಗೆ ವರ್ಷ ವರ್ಷ ಉದ್ದುದ್ದ ಮಾತಾಡಿದ್ದೇನೆ. ದೆವ್ವ ಓಡಿಸಲು ಅಂತ ಕೂಡ ಹೇಳಿದ್ದುಂಟು. ಚಿಕ್ಕಪ್ಪ ಒಂದೇ ಮಾತಿನಲ್ಲಿ ಮುಗಿಸಿದರು. ದೇವಸ್ಥಾನದಲ್ಲಿ ಅಭಿಷೇಕದ ನೀರು ಗರ್ಭಗುಡಿಯಿಂದ ಹೊರಗೆ ಬೀಳುವುದು ಎಲ್ಲಿಂದ? ಹಸುವಿನ ಬಾಯಿಂದ, ಇಲ್ಲಾ ಮೊಸಳೆಯಂಥ ಮಕರದ ಬಾಯಿಂದ. ಬಾಯಿ ಯಾಕೆ ಅಷ್ಟು ಮುಂದಕ್ಕೆ ಬಂದಿದೆ? ನೀರು ಗೋಡೆಗೆ ತಾಗದೆ ದೂರ ಬೀಳಲಿ ಅಂತ. ನಮ್ಮ ಮಳೆ ಕಂಡ ಮೇಸ್ತ್ರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಬೈ ಮಳೆಯೂ ನಮ್ಮದರ ತಂಗಿಯೇ ತಾನೆ.

ಒಂದೂವರೆ ಗಂಟೆ ನಿಂತಿದ್ದೆವು. ಆಮೇಲೆ ಸಬ್‌ವೇ ಇಳಿದು ಆಚೆ ಹೋದೆವು. ನೀವೂ ಸಬ್‌ವೇಯಲ್ಲೇ ಹೋಗಿ, ಆ ರಸ್ತೆ ದಾಟುವ ಸಾಹಸ ಬೇಡ. ಲೋಕಲ್ ಟಿಕೆಟ್ ಕೊಡುವ ಹಾಲ್ ಇದೆಯಲ್ಲ, ಅದಕ್ಕೆ ಸ್ಟಾರ್ ಚೇಂಬರ್ ಅಂತಾರೆ. ಮೇಲೆ ಕಮಾನು ಕಮಾನಾದ ಚಾವಣಿ, ಅದರಲ್ಲಿ ಚಿನ್ನದ ಬಣ್ಣದ ನಕ್ಷತ್ರಗಳು. ಟಿಕೆಟ್ ಕೌಂಟರಿಗೆ ಹೋಗಲು ಯಾವ ಟಿಕೆಟ್? ಚಿಕ್ಕಪ್ಪ ಸಾಲಿನಲ್ಲಿ ನಿಂತವರು ತಲೆ ಎತ್ತಿದರು, ಸಾಲು ಮುಂದೆ ಹೋಯಿತು, ಇವರು ಅಲ್ಲೇ. ಹಿಂದಿನವನು "ಚಾಚಾ, ಆಗೇ ಬಢೋ" ಅಂತ ಕೂಗಿದ. ಇವರು ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟು ಮತ್ತೆ ತಲೆ ಎತ್ತಿದರು. ಆ ದಿನ ನಮ್ಮಿಬ್ಬರ ಖರ್ಚು ನಾಲ್ಕು ಕಟಿಂಗ್ ಚಹಾ.

ಅಯ್ಯೋ, ವಿಟಿಯಲ್ಲೇ ಅರ್ಧಕ್ಕಿಂತ ಜಾಸ್ತಿ ಸಮಯ ಹೋಯಿತು. ಬೇಗ ಬೇಗ ಹೇಳುತ್ತೇನೆ.

ನೀವು ಈಗಾಗಲೇ ಬೆನ್ನು ಕೊಟ್ಟು ನಿಂತಿದ್ದ ಪಾಲಿಕೆಯ ಕಟ್ಟಡವೂ ಸ್ಟೀವನ್ಸ್‌ದೇ, 1893ರದು. ತಿರುಗಿ ಅದನ್ನೂ ನೋಡಿ. ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆ ಹಿಡಿದು ತೆಂಕಕ್ಕೆ ನಡೆಯಿರಿ. ಎರಡೂ ಬದಿ ಕಮಾನುಗಳ ಕೆಳಗೆ ಸಾಲಾಗಿ ನೆರಳಿನ ದಾರಿ. ಇಲ್ಲಿ ಕಟ್ಟುವವರು ಕೆಳಗೆ ಜನ ನಡೆಯಲು ಜಾಗ ಬಿಡಲೇಬೇಕು ಅಂತ ಆಗಲೇ ನಿಯಮ ಮಾಡಿದ್ದರು. ಕಮಾನಿನ ಕೆಳಗೆ ನಡೆದರೆ ಮಳೆಗೆ ಕೊಡೆ ಬೇಡ, ಆದರೆ ಕಟ್ಟಡ ಕಾಣುವುದಿಲ್ಲ. ಹಾಗಾಗಿ ಈ ಬದಿ ನಡೆಯುತ್ತಾ ಆ ಬದಿ ನೋಡಿ. ಎದುರಿನ ಫುಟ್‌ಪಾತ್! ಮತ್ತೆ ಮತ್ತೆ ಹೇಳುತ್ತಿದ್ದೇನೆ ಅಂತ ಬೇಜಾರಾಗಬೇಡಿ.

ಫ್ಲೋರಾ ಫೌಂಟನ್ ದಾಟಿ ಓವಲ್ ಮೈದಾನಕ್ಕೆ ಬನ್ನಿ. ಇದು ನನ್ನ ಮೆಚ್ಚಿನ ಜಾಗ, ಇದಕ್ಕೇ ಸಮಯ ಸಾಲುತ್ತಿಲ್ಲ. ಮೂಡು ಬದಿಯಲ್ಲಿ ಹೈಕೋರ್ಟು, ವಿಶ್ವವಿದ್ಯಾಲಯ, ಅದರ ರಾಜಾಬಾಯಿ ಗಡಿಯಾರ ಗೋಪುರ, 280 ಅಡಿ. ಗೋಪುರದ ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಇಂಗ್ಲೆಂಡಿನಿಂದ ಕಾಗದ ಕಳಿಸಿದ, ಇಲ್ಲಿನವರು ಕಟ್ಟಿದರು. ದುಡ್ಡು ಕೊಟ್ಟವರು ಹತ್ತಿ ವ್ಯಾಪಾರದ ಪ್ರೇಮಚಂದ್ ರಾಯಚಂದ್. ರಾಜಾಬಾಯಿ ಅವರ ತಾಯಿ. ಆಕೆಗೆ ಕಣ್ಣು ಕಾಣುತ್ತಿರಲಿಲ್ಲ, ಜೈನರಾದ್ದರಿಂದ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು, ಗಂಟೆಯ ಸದ್ದು ಕೇಳಿ ಹೊತ್ತು ತಿಳಿಯಲಿ ಅಂತ ಮಗ ಕಟ್ಟಿಸಿದ್ದು ಎಂದು ಜನ ಹೇಳುತ್ತಾರೆ. ಗೋಪುರದ ಮೇಲೆ ನಿಂತ ಕಲ್ಲಿನ ಮನುಷ್ಯರನ್ನು ನೋಡಿ. ಪಶ್ಚಿಮ ಭಾರತದ ಬೇರೆ ಬೇರೆ ಜಾತಿ ಸಮುದಾಯದವರು, ಅವರವರ ವೇಷದಲ್ಲಿ.

ಈಗ ಇದ್ದಲ್ಲೇ ತಿರುಗಿ. ಪಡು ಬದಿಯಲ್ಲಿ ಸಾಲು ಮನೆಗಳು, 1930ರ ದಶಕದವು. ಆರ್ಟ್ ಡೆಕೊ ಶೈಲಿ. ಬಾಗಿದ ಬಾಲ್ಕನಿ, ಕಿಟಕಿಯ ಮೇಲೆ ಹುಬ್ಬಿನಂತೆ ಸಣ್ಣ ಸಜ್ಜಾ, ಹಡಗಿನಂಥ ದುಂಡು ಕಿಟಕಿ. ಎಂಪ್ರೆಸ್ ಕೋರ್ಟ್, ರಜ್ಜಬ್ ಮಹಲ್ ಅಂತ ಬಾಗಿಲ ಮೇಲೆ ಬರೆದ ಅಕ್ಷರಗಳನ್ನೇ ಒಂದು ಗಂಟೆ ನೋಡಬಹುದು. ಬಡಗು ತುದಿಯಲ್ಲಿ ಇರೋಸ್ ಚಿತ್ರಮಂದಿರ, 1938. ಮೈದಾನದ ಆಚೆ ಈಚೆ ಎರಡು ಕಾಲ ಮುಖಾಮುಖಿ ಕೂತಿವೆ. ಇವನ್ನೆಲ್ಲ ಸೇರಿಸಿ 2018ರಲ್ಲಿ ಯುನೆಸ್ಕೊ ಮನ್ನಣೆ ಕೊಟ್ಟಿತು. ನಮ್ಮ ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರೆ.

ಗೇಟ್‌ವೇ ಬಗ್ಗೆ, ಏಷಿಯಾಟಿಕ್ ಲೈಬ್ರರಿಯ ಆ ದೊಡ್ಡ ಮೆಟ್ಟಿಲುಗಳ ಬಗ್ಗೆ ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆಯಿಂದ ಆಗಲೇ ಕೈ ತೋರಿಸುತ್ತಿದ್ದಾರೆ, ಅದು ಹೋಯಿತು. ಒಂದೇ ಒಂದು ಉಳಿದಿದೆ. ಬಹಳ ಹೊತ್ತು ತಲೆ ಎತ್ತಿ ನಿಂತರೆ ಕುತ್ತಿಗೆ ಹಿಡಿಯುತ್ತದೆ. ಚಿಕ್ಕಪ್ಪನಿಗೂ ಹಿಡಿಯಿತು. ಅವರು ಹೆಗಲ ಮೇಲಿನ ಬೈರಾಸನ್ನು ಓವಲ್‌ನ ಹುಲ್ಲಿನ ಮೇಲೆ ಹಾಸಿ, ಅಂಗಾತ ಮಲಗಿ, ಹನ್ನೊಂದು ಹೊಡೆಯುವವರೆಗೂ ಗೋಪುರ ನೋಡಿದರು. ಬೈರಾಸು ಮರೆಯಬೇಡಿ. ನಮಸ್ಕಾರ.