ಮೂರನೇ ಬಾಣಂತನದ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರನೇ ಸಲ ಬಸುರಿಯಾದ ಹೆಣ್ಣುಮಗಳೊಬ್ಬಳು ಅಂಗನವಾಡಿಗೆ ಬಂದಳು ಅಂತಿಟ್ಟುಕೊಳ್ಳಿ. ಕೈಯಲ್ಲಿ ತಾಯಿ ಕಾರ್ಡ್, ಸೊಂಟದ ಮೇಲೆ ಎರಡನೇ ಕೂಸು. ಊಟಕ್ಕೆ ಕೂತರೆ ಟೀಚರ್ ಅವಳಿಗೂ ಬಡಿಸುತ್ತಾರೆ. ಅನ್ನ, ಸಾರು, ಮೊಟ್ಟೆ. ಇದು ಎಷ್ಟನೇ ಮಗು ಅಂತ ಯಾರೂ ಕೇಳುವುದಿಲ್ಲ. ಊಟ ಮುಗಿಸಿ, "ಟೀಚರ್, ಆ ಹೆರಿಗೆ ನೆರವಿನ ದುಡ್ಡಿಗೆ ಅರ್ಜಿ ಹಾಕಬಹುದಾ?" ಅಂದರೆ ಮಾತ್ರ ಬೇರೆ ಉತ್ತರ. "ಮೂರನೇದಕ್ಕೆ ಬರಲ್ಲಮ್ಮ."

ಆ ಊಟ, ಈ ದುಡ್ಡು ಎರಡೂ ಒಂದೇ ಕಾನೂನಿನ ಒಂದೇ ಕಲಮಿನಲ್ಲಿವೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, ನಾಲ್ಕನೇ ಕಲಂ. ಪ್ರತಿಯೊಬ್ಬ ಗರ್ಭಿಣಿಗೂ ಬಾಣಂತಿಗೂ ಉಚಿತ ಊಟ, ಜೊತೆಗೆ 6000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ನೆರವು ಅಂತ ಅಲ್ಲಿದೆ. ಸರ್ಕಾರಿ ನೌಕರಿಯಲ್ಲಿರುವವರನ್ನು, ಬೇರೆ ಕಡೆಯಿಂದ ಇಂಥದೇ ಸೌಲಭ್ಯ ಸಿಗುವವರನ್ನು ಬಿಟ್ಟರೆ ಈ ದುಡ್ಡೂ ಎಲ್ಲರಿಗೂ. ಮಕ್ಕಳನ್ನು ಎಣಿಸಬೇಕು ಅಂತ ಅಲ್ಲಿ ಹೇಳಿಲ್ಲ. ಆದರೆ ದುಡ್ಡನ್ನು ಕೇಂದ್ರ ಸರ್ಕಾರ ರೂಪಿಸುವ ಯೋಜನೆಯ ಪ್ರಕಾರ ಕೊಡಬೇಕು ಅಂತಿದೆ. ಮಿತಿ ನುಸುಳಿದ್ದು ಅಲ್ಲಿಂದ.

2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ ಮಾತ್ರ 5000 ರೂಪಾಯಿ ಕೊಟ್ಟಿತು. 2022ರ ಏಪ್ರಿಲ್‌ನಿಂದ ಎರಡನೇದು ಹೆಣ್ಣಾದರೆ 6000. ಗಂಡಾದರೆ ಇಲ್ಲ.

ಹೆಣ್ಣುಮಗು ಹುಟ್ಟಿದ್ದಕ್ಕೆ ಮನೆಯವರ ಮುಖ ಬಾಡಬಾರದು ಅನ್ನುವ ಉದ್ದೇಶ ನನಗೂ ಇಷ್ಟವೇ. ಆದರೆ ಸ್ವಲ್ಪ ಯೋಚಿಸಿ. ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಅಂತ ಮೊದಲೇ ನೋಡುವುದು ಅಪರಾಧ. ಹಾಗಾಗಿ ಈ ದುಡ್ಡು ಹೆರಿಗೆ ಆದ ಮೇಲೇ ಬರುತ್ತದೆ. ಒಂಬತ್ತು ತಿಂಗಳು ಹಣ್ಣು, ಹಾಲು, ವಿಶ್ರಾಂತಿ ಬೇಕಿದ್ದಾಗ ಕೈ ಖಾಲಿ. ಎರಡನೇ ಗಂಡುಮಗು ಹೆತ್ತವಳೂ ಅಷ್ಟೇ ತಿಂಗಳು ಹೊತ್ತಿದ್ದಾಳೆ, ಅಷ್ಟೇ ನೋವು ತಿಂದಿದ್ದಾಳೆ, ಅಲ್ವಾ?

ತಮಿಳುನಾಡಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರಿನ ಹೆರಿಗೆ ನೆರವಿನ ಯೋಜನೆ ಹಣ, ಕಿಟ್ ಎಲ್ಲ ಸೇರಿ 18,000 ರೂಪಾಯಿಯದು. ಮಗು ಹೆಣ್ಣೋ ಗಂಡೋ ಕೇಳುವುದಿಲ್ಲ. ಆದರೆ ಎರಡು ಹೆರಿಗೆಗೆ ಅಲ್ಲೂ ಬಾಗಿಲು ಮುಚ್ಚುತ್ತದೆ.

ನೆರವು ಕೊಟ್ಟರೆ ಜನ ಜಾಸ್ತಿ ಮಕ್ಕಳು ಮಾಡಿಕೊಳ್ಳುತ್ತಾರೆ ಅನ್ನುವವರು ತುಂಬಾ ಜನ ಇದ್ದಾರೆ. ಅವರ ಭಯವನ್ನು ಸುಮ್ನೆ ತಳ್ಳಿಹಾಕುವುದು ಬೇಡ, ಲೆಕ್ಕ ಹಾಕೋಣ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 5000 ಅಂದರೆ 14 ದಿನದ ಕೂಲಿಯೂ ಆಗಲಿಲ್ಲ. ಅಷ್ಟಕ್ಕೋಸ್ಕರ ಯಾರು ಒಂದು ಮಗುವನ್ನು ಹೆತ್ತು, ಸಾಕಿ, ಓದಿಸುತ್ತಾರೆ? ಆಸ್ಪತ್ರೆ ಹೆರಿಗೆಗೆ ದುಡ್ಡು ಕೊಡುವ ಜನನಿ ಸುರಕ್ಷಾ ಯೋಜನೆಯಲ್ಲೂ ಮೊದಲು ಮಕ್ಕಳ ಮಿತಿ ಇತ್ತು. 2013ರಲ್ಲಿ ಅದನ್ನು ತೆಗೆದರು. ಆಮೇಲೇನೂ ಹೆರಿಗೆ ಹೆಚ್ಚಲಿಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ 1.8 ಇತ್ತು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ವಿಷಯವೂ ಇದೆ. ಕರ್ನಾಟಕದ ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಮೇಲಿಂದ ಮೇಲೆ ಹೆರಿಗೆಯಾದರೆ ಮೈಯಲ್ಲಿನ ಕಬ್ಬಿಣದ ಅಂಶ ಇನ್ನೂ ಇಳಿಯುತ್ತದೆ. ಮನೆಯಲ್ಲಿ ಆಗಲೇ ಇಬ್ಬರು ಮಕ್ಕಳಿದ್ದರೆ ಹಾಲಿನ ಲೋಟ ಮೊದಲು ಅವರ ಕೈಗೆ ಹೋಗುತ್ತದೆ, ಅಮ್ಮನಿಗೆ ಕೊನೆಗೆ. ಬಡವಳ ಮೂರನೇ ಬಾಣಂತನ ಅಂದರೆ ನನಗೆ ಸಂಕಟವಾಗುವುದು ಇದಕ್ಕೇ. ನೆರವು ಜಾಸ್ತಿ ಬೇಕಾದ ಹೊತ್ತಿಗೇ ಅದು ನಿಂತುಹೋಗಿರುತ್ತದೆ. ಇನ್ನು ಮಕ್ಕಳೆಷ್ಟು ಅನ್ನುವ ತೀರ್ಮಾನ ಎಷ್ಟು ಮನೆಗಳಲ್ಲಿ ಅವಳ ಕೈಯಲ್ಲಿರುತ್ತದೆ, ಹೇಳಿ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಸರ್ಕಾರಿ ಶಿಕ್ಷಕಿಯೊಬ್ಬರಿಗೆ ಮೂರನೇ ಮಗುವಿನ ಹೆರಿಗೆ ರಜೆ ಕೊಡಿಸಿತು. ಎರಡು ಮಕ್ಕಳ ನಿಯಮ ಹೇಳಿ ರಜೆ ನಿರಾಕರಿಸಿದ್ದರು. ಸಂಬಳದ ಕೆಲಸ ಇದ್ದವರು ಕೋರ್ಟಿಗೆ ಹೋಗಬಲ್ಲರು. ಕೂಲಿಯವಳು ಎಲ್ಲಿಗೆ ಹೋಗಬೇಕು? ಪಡಿತರ ಅಕ್ಕಿಯನ್ನು ಬಿಪಿಎಲ್ ಕಾರ್ಡಿನಲ್ಲಿರುವ ತಲೆ ಎಣಿಸಿ ಕೊಡುತ್ತೇವೆ. ಮೂರನೇ ಮಗುವಿಗೂ ಅಕ್ಕಿ ಉಂಟು. ಹೆರಿಗೆ ನೆರವಿಗೂ ಕಾಯ್ದೆಯಲ್ಲಿ ಬರೆದ ಹಾಗೆ 'ಪ್ರತಿಯೊಬ್ಬ' ಅನ್ನುವ ಮಾತು ಉಳಿಯಬೇಕು ಅನ್ನುವುದೇ ನನ್ನ ಬೇಡಿಕೆ.

ಅದಾಗುವ ತನಕ, ಕೇಳುತ್ತಿರುವ ಅಕ್ಕತಂಗಿಯರೇ, ಎರಡನೇದು ಹೆಣ್ಣುಮಗುವಾಗಿದ್ದರೆ ತಡ ಮಾಡದೆ ಅಂಗನವಾಡಿಯಲ್ಲಿ ಅರ್ಜಿ ಕೊಡಿ. ಮೂರನೇ ಬಸುರಿಯಾಗಿದ್ದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ತಾಯಿ ಕಾರ್ಡ್ ಮಾಡಿಸಿ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳಿ, ಮಧ್ಯಾಹ್ನ ಊಟಕ್ಕೆ ಹೋಗಿ. ಆ ಊಟ ನಿಮ್ಮ ಹಕ್ಕು.

ನಮಸ್ಕಾರ.