ಹಲ್ಲಿನ ಕುರ್ಚಿಗೆ ಹೆದರುವ ಮಗು: ಮಂಪರಿನ ಮದ್ದು ಯಾವುದು, ಯಾವಾಗ

ಕೇಳುಗರಿಗೆ ನಮಸ್ಕಾರ.

4 ವರ್ಷದ ಒಂದು ಮಗು, ತೂಕ 15 ಕೆ.ಜಿ. ಅಂತ ಇಟ್ಟುಕೊಳ್ಳೋಣ. ಮೇಲಿನ ನಾಲ್ಕು ಮುಂಬಲ್ಲುಗಳು ಹುಳುಕು ಹಿಡಿದು ಕಂದಾಗಿವೆ. ಕೆಳಗಿನ ಎರಡು ದವಡೆ ಹಲ್ಲುಗಳಲ್ಲಿ ಕುಳಿ ಬಿದ್ದಿದೆ, ಅದರಲ್ಲೊಂದು ರಾತ್ರಿ ಹೊತ್ತು ನೋಯುತ್ತದೆ. ಆಸ್ಪತ್ರೆಯ ಕುರ್ಚಿ ಕಂಡರೆ ಸಾಕು, ಮಗು ಅಮ್ಮನ ಕತ್ತು ಬಿಡುವುದಿಲ್ಲ. ಆಗ ಅಪ್ಪ ಅಮ್ಮ ಕೇಳುವುದು ಒಂದೇ ಮಾತು: "ಡಾಕ್ಟ್ರೇ, ಮಲಗಿಸಿ ಮಾಡೋಕಾಗಲ್ವಾ?"

ಆಗುತ್ತದೆ. ಆದರೆ ಮಲಗಿಸುವುದರಲ್ಲಿ ಹಲವು ಬಗೆಗಳಿವೆ. ಮೂಗಿನಿಂದ ಎಳೆದುಕೊಳ್ಳುವ ಅನಿಲ, ಬಾಯಿಗೆ ಕುಡಿಸುವ ಮದ್ದು, ಮೂಗಿಗೆ ಸಿಂಪಡಿಸುವ ಮದ್ದು, ಕೊನೆಗೆ ಆಪರೇಷನ್ ಥಿಯೇಟರಿನಲ್ಲಿ ಕೊಡುವ ಪೂರ್ಣ ಅರಿವಳಿಕೆ. ಮೊದಲನೆಯದರಲ್ಲಿ ಮಗು ಎಚ್ಚರವಾಗಿಯೇ ಇರುತ್ತದೆ, ಕೊನೆಯದರಲ್ಲಿ ಉಸಿರಾಟವನ್ನೂ ಇನ್ನೊಬ್ಬರು ನೋಡಿಕೊಳ್ಳಬೇಕು. ನಡುವಿನ ಮದ್ದುಗಳಲ್ಲಿ ಅಪಾಯವಿರುವುದು ಇಲ್ಲೇ: ಹಗುರ ಮಂಪರಿಗೆಂದು ಕೊಟ್ಟದ್ದು ಒಂದು ಮಗುವಿನಲ್ಲಿ ಸದ್ದಿಲ್ಲದೆ ಗಾಢ ನಿದ್ದೆಗೆ ಇಳಿದುಬಿಡಬಹುದು.

ಮದ್ದಿನ ಮಾತಿಗೆ ಮುಂಚೆ, ಮದ್ದು ಬೇಕೇ ಅಂತ ನೋಡಬೇಕು. "ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ" ಅನ್ನುವುದು ಮುಂಬಲ್ಲಿಗೆ ಸ್ವಲ್ಪ ಮಟ್ಟಿಗೆ ಒಪ್ಪುವ ಮಾತು. ಹಿಂದಿನ ಹಾಲು ದವಡೆಹಲ್ಲು ಮಾತ್ರ 10ರಿಂದ 12 ವರ್ಷದವರೆಗೆ ಬಾಯಲ್ಲಿರಬೇಕಾದದ್ದು, ಅದನ್ನು ಬಿಟ್ಟುಬಿಡಲು ಬರುವುದಿಲ್ಲ. ಕೀವಿಲ್ಲದ, ನೋವಿಲ್ಲದ ಕುಳಿಗೆ 38 ಶೇಕಡಾ ಸಿಲ್ವರ್ ಡೈಅಮೀನ್ ಫ್ಲೋರೈಡ್ ಹನಿಯನ್ನು ಒಂದು ನಿಮಿಷ ಸವರಿದರೆ ಹುಳುಕು ಬಹುಪಾಲು ಅಲ್ಲೇ ನಿಲ್ಲುತ್ತದೆ. ಸೂಜಿಯಿಲ್ಲ, ಡ್ರಿಲ್ ಇಲ್ಲ. 6 ತಿಂಗಳಿಗೊಮ್ಮೆ ಮತ್ತೆ ಸವರಬೇಕು, ಹುಳುಕಾದ ಜಾಗ ಕಪ್ಪಾಗಿ ಉಳಿಯುತ್ತದೆ, ಅದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ದವಡೆಹಲ್ಲಿಗೆ ಹಾಲ್ ವಿಧಾನ ಅಂತ ಇನ್ನೊಂದಿದೆ: ಹಲ್ಲನ್ನು ಕೊರೆಯದೆ, ಮರಗಟ್ಟಿಸದೆ, ಸಿದ್ಧ ಸ್ಟೀಲ್ ಕ್ಯಾಪನ್ನು ಸಿಮೆಂಟ್ ತುಂಬಿ ಒತ್ತಿ ಕೂರಿಸುವುದು. ನಮ್ಮ ಮಗುವಿನ ಆರು ಹಲ್ಲುಗಳಲ್ಲಿ ಐದು ಈ ದಾರಿಯಲ್ಲೇ ಮುಗಿದರೆ, ಮಂಪರು ಬೇಕಾಗುವುದು ನೋಯುವ ಒಂದೇ ಒಂದು ಹಲ್ಲಿಗೆ. ಈ ಲೆಕ್ಕ ಹಾಕದೆ ನೇರ ಥಿಯೇಟರಿಗೆ ಬರೆದುಕೊಡುವುದು ನನಗೆ ಸರಿಕಾಣುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಮಂಪರಿನ ಮದ್ದು ಭಯವನ್ನು ಇಳಿಸುತ್ತದೆ, ಹಲ್ಲಿನ ನೋವನ್ನು ತೆಗೆಯುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಬೇಕೇ ಬೇಕು. ಹಾಗಾಗಿ ಮನೆಯಲ್ಲಿ "ಸೂಜಿ ಚುಚ್ಚಲ್ಲ ಚಿನ್ನಾ" ಅಂತ ಮಾತು ಕೊಟ್ಟು ಕರೆತರಬೇಡಿ. ಆ ಮಾತು ಕುರ್ಚಿಯಲ್ಲಿ ಮುರಿಯುತ್ತದೆ, ಮುಂದಿನ ಸಲ ಮಗು ನಿಮ್ಮನ್ನೂ ನಂಬುವುದಿಲ್ಲ, ವೈದ್ಯರನ್ನೂ ನಂಬುವುದಿಲ್ಲ.

ಈಗ ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್. ಅಮೆರಿಕದ ಹಾರ್ಟ್‌ಫರ್ಡ್ ಊರಿನ ಹಲ್ಲಿನ ವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರಿನಲ್ಲಿ ಈ ಅನಿಲ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. ಇಷ್ಟು ಹಳೆಯ ಮದ್ದು ಇವತ್ತಿಗೂ ಮಕ್ಕಳ ಹಲ್ಲಿನ ಚಿಕಿತ್ಸೆಯಲ್ಲಿ ಮೊದಲ ಆಯ್ಕೆಯಾಗಿ ಉಳಿಯಲು ಕಾರಣವಿದೆ. ಅದು ರಕ್ತದಲ್ಲಿ ಹೆಚ್ಚು ಕರಗುವುದಿಲ್ಲ. ಆದ್ದರಿಂದ ಮೂರು ನಾಲ್ಕು ನಿಮಿಷದಲ್ಲಿ ಏರುತ್ತದೆ, ನಿಲ್ಲಿಸಿದರೆ ಅಷ್ಟೇ ಬೇಗ ಇಳಿಯುತ್ತದೆ. ನಲ್ಲಿ ತಿರುಗಿಸಿದ ಹಾಗೆ ಹೆಚ್ಚು ಕಡಿಮೆ ಮಾಡುವ ಅನುಕೂಲ ಬೇರೆ ಯಾವ ಮದ್ದಿನಲ್ಲೂ ಇಲ್ಲ.

ಕೊಡುವ ಕ್ರಮ ಹೀಗೆ. ಮಗುವಿನ ಮೂಗಿಗೆ ಸರಿಹೊಂದುವ ಪುಟ್ಟ ಮಾಸ್ಕ್ ಇಟ್ಟು ಮೊದಲು ಬರೀ ಆಮ್ಲಜನಕ, ನಿಮಿಷಕ್ಕೆ 4ರಿಂದ 5 ಲೀಟರ್. ಯಂತ್ರದ ರಬ್ಬರ್ ಚೀಲವನ್ನು ನೋಡುತ್ತಿರಬೇಕು. ಅದು ಬಲೂನಿನಷ್ಟು ಉಬ್ಬಿದರೆ ಗಾಳಿ ಹೆಚ್ಚಾಯಿತು, ಚಪ್ಪಟೆಯಾದರೆ ಸಾಲದು. ಆಮೇಲೆ ನೈಟ್ರಸ್ಸನ್ನು ನಿಮಿಷಕ್ಕೆ ಸುಮಾರು 10 ಶೇಕಡಾದಂತೆ ಏರಿಸುತ್ತಾರೆ. ಬಹಳ ಮಕ್ಕಳಿಗೆ 30ರಿಂದ 40 ಶೇಕಡಾ ಸಾಕಾಗುತ್ತದೆ, 50 ದಾಟುವುದಿಲ್ಲ. ಬಿಗಿಹಿಡಿದ ಮುಷ್ಟಿ ಬಿಚ್ಚುವುದು, ರೆಪ್ಪೆ ನಿಧಾನವಾಗಿ ಬಡಿಯುವುದು, "ಬೆರಳು ಜುಮ್ಮಂತಿದೆ" ಅನ್ನುವುದು ಹದ ಬಂದ ಗುರುತು. ಸುಮ್ಮಸುಮ್ಮನೆ ನಗು, ಬೆವರು, ಹೊಟ್ಟೆ ತೊಳಸು, ಮತ್ತೆ ಮತ್ತೆ ತಾನಾಗಿ ಮುಚ್ಚಿಕೊಳ್ಳುವ ಬಾಯಿ, ಇವು ಹದ ಮೀರಿದ ಗುರುತು. ಆಗ 5ರಿಂದ 10 ಶೇಕಡಾ ಇಳಿಸಿದರೆ ಸರಿಹೋಗುತ್ತದೆ. ಕೆಲಸ ಮುಗಿದ ಮೇಲೆ 5 ನಿಮಿಷ ಮತ್ತೆ ಬರೀ ಆಮ್ಲಜನಕ. ಈ ಕೊನೆಯ 5 ನಿಮಿಷವನ್ನು ಅವಸರದಲ್ಲಿ ಬಿಟ್ಟರೆ ಮಗುವಿಗೆ ತಲೆನೋವು, ವಾಕರಿಕೆ.

ಯಂತ್ರದಲ್ಲೇ ಒಂದಷ್ಟು ಕಾವಲಿದೆ. ಆಮ್ಲಜನಕ 30 ಶೇಕಡಾಕ್ಕಿಂತ ಕೆಳಗಿಳಿಯದಂತೆ ತಡೆ ಇರುತ್ತದೆ, ಆಮ್ಲಜನಕದ ಸಿಲಿಂಡರ್ ಮುಗಿದರೆ ನೈಟ್ರಸ್ ತಾನಾಗಿ ನಿಲ್ಲುತ್ತದೆ. ಇಷ್ಟಾದರೂ ಈ ಅನಿಲ ಸೋಲುವುದು ಎಲ್ಲಿ ಅಂದರೆ, ಅಳುವ ಮಗುವಿನ ಬಾಯಲ್ಲಿ. ಅದು ಮೂಗಿನಿಂದ ಎಳೆದುಕೊಳ್ಳಬೇಕಾದ ಮದ್ದು. ಬಾಯಲ್ಲಿ ಉಸಿರಾಡುವ ಮಗು, ನೆಗಡಿಯಾದ ಮಗು, ಮಾಸ್ಕನ್ನೇ ಕಿತ್ತೆಸೆಯುವ ಮಗು, ಇವರಿಗೆ ಇದು ಏರುವುದೇ ಇಲ್ಲ. ಮಾಸ್ಕನ್ನು ಒತ್ತಿ ಹಿಡಿಯುವುದರಿಂದ ಭಯ ಹೆಚ್ಚುತ್ತದೆ ಅಷ್ಟೆ. ನೆಗಡಿ ಇದ್ದರೆ ದಿನ ಮುಂದೂಡಿ. ಕಿವಿ ಸೋಂಕು ಇದ್ದಾಗಲೂ ಬೇಡ, ಅನಿಲ ಮುಚ್ಚಿದ ಜಾಗಗಳಿಗೆ ನುಗ್ಗಿ ಒತ್ತಡ ಏರಿಸುತ್ತದೆ. ಮಗುವಿನ ಜೊತೆ ಬರುವ ತಾಯಿ ಬಸುರಿಯಾಗಿದ್ದರೆ ಮೊದಲೇ ಹೇಳಿ, ಕೋಣೆಯ ಹೊರಗಿರುವುದು ಒಳ್ಳೆಯದು.

ಮಾಸ್ಕ್ ಒಪ್ಪದ ಮಗುವಿಗೆ ಬಾಯಿಗೆ ಕುಡಿಸುವ ಮಿಡಜೊಲಾಮ್. ಕೆ.ಜಿ.ಗೆ 0.3ರಿಂದ 0.5 ಮಿ.ಗ್ರಾಂ. ಹೆಚ್ಚಿನ ಮಿತಿಯಾದ 0.5ರ ಲೆಕ್ಕ ಹಿಡಿದರೆ ನಮ್ಮ 15 ಕೆ.ಜಿ. ಮಗುವಿಗೆ 7.5 ಮಿ.ಗ್ರಾಂ. ಇದನ್ನು ನಾನು ಹೇಳುತ್ತಿರುವುದು ನೀವು ಕೊಡಲಿ ಅಂತಲ್ಲ, ತೂಕ ಎಷ್ಟು ಮುಖ್ಯ ಅಂತ ತಿಳಿಯಲಿ ಅಂತ. ಅಂದಾಜು ತೂಕ, ಆರು ತಿಂಗಳ ಹಿಂದಿನ ತೂಕ ನಡೆಯುವುದಿಲ್ಲ, ಅವತ್ತೇ ತಕ್ಕಡಿ ಹತ್ತಿಸಬೇಕು. ಸಿರಪ್ ಸಿಗದ ಕಡೆ ಇಂಜೆಕ್ಷನ್ ಮದ್ದನ್ನೇ ಸಿಹಿ ರಸದಲ್ಲಿ ಬೆರೆಸಿ ಕುಡಿಸುತ್ತಾರೆ, ಯಾಕೆಂದರೆ ಅದು ವಿಪರೀತ ಕಹಿ. ಆ ಇಂಜೆಕ್ಷನ್ ಮಿಲಿ ಲೀಟರಿಗೆ 1 ಮಿ.ಗ್ರಾಂ. ಇರುವುದೂ ಉಂಟು, 5 ಮಿ.ಗ್ರಾಂ. ಇರುವುದೂ ಉಂಟು. ಲೇಬಲ್ ಓದದೆ ಮಿಲಿ ಲೀಟರಿನಲ್ಲಿ ಅಳೆದರೆ ಐದು ಪಟ್ಟು ಮದ್ದು ಒಳಗೆ ಹೋಗುತ್ತದೆ. ಅದಕ್ಕೇ ಇಬ್ಬರು ಓದಿ ಖಚಿತಪಡಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡವರು ಬುದ್ಧಿವಂತರು.

ಕುಡಿದ 15ರಿಂದ 30 ನಿಮಿಷಕ್ಕೆ ಮಗು ತೂಕಡಿಸತೊಡಗುತ್ತದೆ. ಕೆಲಸಕ್ಕೆ ಸಿಗುವ ಸಮಯ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಒಂದೆರಡು ಹಲ್ಲಿಗೆ ಸಾಕು, ಆರು ಹಲ್ಲಿಗೆ ಸಾಲದು. ನಡೆದದ್ದು ಮಗುವಿಗೆ ನೆನಪಿರುವುದಿಲ್ಲ ಅನ್ನುವುದು ದೊಡ್ಡ ಲಾಭ. ನಷ್ಟಗಳೂ ಇವೆ. ಮಗು ಅರ್ಧ ಉಗುಳಿದರೆ ಎಷ್ಟು ಒಳಗೆ ಹೋಯಿತು ಅಂತ ಯಾರಿಗೂ ತಿಳಿಯದು, ಆಗ ಮತ್ತೊಂದು ಡೋಸ್ ಕೊಡುವುದು ಅಪಾಯ. ಅವತ್ತಿನ ಕೆಲಸ ಬಿಟ್ಟು ಮನೆಗೆ ಕಳಿಸುವುದೇ ಸರಿ. ಕೆಲವು ಮಕ್ಕಳಿಗೆ ಇದು ಉಲ್ಟಾ ಹೊಡೆದು, ಮಲಗುವ ಬದಲು ರೇಗಿ, ಕಿರುಚಿ, ಹಿಡಿತಕ್ಕೆ ಸಿಗದಂತಾಗುತ್ತವೆ. ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವ ಮಗುವಿನಲ್ಲಿ ಮಂಪರು ಹೆಚ್ಚು ಹೊತ್ತು ಎಳೆಯುತ್ತದೆ. ಕೆಮ್ಮಿಗೆ, ಫಿಟ್ಸಿಗೆ, ಅಲರ್ಜಿಗೆ ಕೊಡುತ್ತಿರುವ ಎಲ್ಲ ಬಾಟಲಿಗಳನ್ನೂ ಚೀಲದಲ್ಲಿ ಹಾಕಿಕೊಂಡೇ ಬನ್ನಿ. ಮಿಡಜೊಲಾಮ್ ಇಳಿಸುವ ಮದ್ದು ಇದೆ, ಫ್ಲುಮಜೆನಿಲ್. ಅದರ ಗುಣ ಬೇಗ ಮುಗಿದು ಮಂಪರು ಮರಳಬಹುದು, ಹಾಗಾಗಿ ಅದನ್ನು ಕೊಟ್ಟ ಮಗುವನ್ನು ಇನ್ನೂ ಹೆಚ್ಚು ಹೊತ್ತು ಕಾಯಬೇಕು.

ಇದೇ ಮದ್ದನ್ನು ಮೂಗಿಗೆ ಸಿಂಪಡಿಸಿದರೆ 10 ನಿಮಿಷದೊಳಗೆ ಹತ್ತುತ್ತದೆ, ಆದರೆ ಉರಿಯುತ್ತದೆ, ಮಗು ಅತ್ತೇ ಅಳುತ್ತದೆ. ಮೂಗಿಗೆ ಸಿಂಪಡಿಸುವ ಇನ್ನೊಂದು ಮದ್ದು ಡೆಕ್ಸ್‌ಮೆಡಿಟೊಮಿಡಿನ್. ಅದು ಉರಿಯುವುದಿಲ್ಲ, ಹತ್ತಲು ಅರ್ಧ ಗಂಟೆ ಮೇಲಾಗುತ್ತದೆ, ನಾಡಿ ನಿಧಾನವಾಗುತ್ತದೆ. ಅರಿವಳಿಕೆ ತಜ್ಞರು ಇರುವ ಕಡೆಗೆ ಅದು. ಸ್ಕ್ಯಾನಿಂಗಿಗೆ ಮಕ್ಕಳನ್ನು ಮಲಗಿಸುವ ಟ್ರೈಕ್ಲೋಫಾಸ್ ಸಿರಪ್ಪನ್ನು ಹಲ್ಲಿನ ಕೆಲಸಕ್ಕೂ ಬಳಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಳಿಸುವ ಮದ್ದಿಲ್ಲ, ಗಂಟೆಗಟ್ಟಲೆ ದೇಹದಲ್ಲಿ ಉಳಿಯುತ್ತದೆ, ಮನೆಗೆ ಹೊರಟ ಮಗು ದಾರಿಯಲ್ಲಿ ಮತ್ತೆ ಗಾಢ ನಿದ್ದೆಗೆ ಜಾರಬಹುದು. ಯಾವುದೇ ಮಂಪರಿನ ಮದ್ದನ್ನು "ಮನೆಯಲ್ಲೇ ಕುಡಿಸಿಕೊಂಡು ಬನ್ನಿ" ಅಂದರೆ ಬೇಡ ಅನ್ನಿ.

ಮಂಪರಿನಲ್ಲಿ ಮಕ್ಕಳಿಗೆ ಕೆಡುಕಾಗುವುದು ಸಾಮಾನ್ಯವಾಗಿ ಉಸಿರಿನಿಂದ. ಮಗುವಿನ ನಾಲಿಗೆ ಬಾಯಿಗೆ ಹೋಲಿಸಿದರೆ ದೊಡ್ಡದು, ಉಸಿರಿನ ದಾರಿ ಸಣ್ಣದು, ದೇಹದಲ್ಲಿ ಆಮ್ಲಜನಕದ ದಾಸ್ತಾನು ಕಡಿಮೆ. ಅದರ ಮೇಲೆ ಹಲ್ಲಿನ ಕೆಲಸವೆಂದರೆ ಬಾಯೊಳಗೆ ನೀರಿನ ಚಿಮ್ಮು, ಹತ್ತಿ, ಒತ್ತಿದ ದವಡೆ. ಗಲ್ಲ ಎದೆಗೆ ಬಾಗಿದರೆ ಸಾಕು, ದಾರಿ ಮುಚ್ಚುತ್ತದೆ. ರಾತ್ರಿ ಗೊರಕೆ ಹೊಡೆಯುವ, ಟಾನ್ಸಿಲ್ ಊದಿಕೊಂಡ, ಉಬ್ಬಸ ಇರುವ ಮಗುವಿಗೆ ಕ್ಲಿನಿಕ್ಕಿನಲ್ಲಿ ಮಂಪರು ಬೇಡ ಅನ್ನುವುದು ಇದಕ್ಕೇ. ಬೆರಳಿಗೆ ಹಾಕುವ ಆಕ್ಸಿಮೀಟರ್ ಬೇಕು, ಅದೊಂದೇ ಸಾಲದು. ಉಸಿರು ನಿಂತು ಸ್ವಲ್ಪ ಹೊತ್ತಾದ ಮೇಲಷ್ಟೇ ಅದರ ಅಂಕಿ ಇಳಿಯುತ್ತದೆ. ಎದೆಗೆ ಅಂಟಿಸಿದ ಸ್ಟೆತಸ್ಕೋಪೋ, ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರವೋ ಇದ್ದರೆ ಮೊದಲೇ ಗೊತ್ತಾಗುತ್ತದೆ. ಕ್ಲಿನಿಕ್ಕಿನಲ್ಲಿ ನಾಚಿಕೆಯಿಲ್ಲದೆ ಕೇಳಿ: ನೀವು ಹಲ್ಲು ನೋಡುವಾಗ ಮಗುವಿನ ಉಸಿರು ನೋಡುವವರು ಯಾರು? ಕೈಯಿಂದ ಒತ್ತಿ ಉಸಿರು ತುಂಬುವ, ಮಗುವಿನ ಅಳತೆಯ ಆಂಬು ಬ್ಯಾಗ್, ಬಾಯಿಯ ನೀರು ಹೀರುವ ಸಕ್ಷನ್, ತುಂಬಿದ ಆಮ್ಲಜನಕದ ಸಿಲಿಂಡರ್ ಕೈಗೆಟುಕುವ ಹಾಗಿದೆಯೇ? ಒಬ್ಬರೇ ಎಲ್ಲ ಮಾಡುತ್ತಾರೆ ಅಂದರೆ ಎದ್ದು ಬನ್ನಿ.

ಮರಗಟ್ಟಿಸುವ ಮದ್ದಿಗೂ ಮಿತಿಯಿದೆ. ಲಿಗ್ನೊಕೇನ್ ಕೆ.ಜಿ.ಗೆ 4.4 ಮಿ.ಗ್ರಾಂ. ಅಂದರೆ ನಮ್ಮ ಮಗುವಿಗೆ 66 ಮಿ.ಗ್ರಾಂ., 2 ಶೇಕಡಾ ಮದ್ದಿನಲ್ಲಿ 3.3 ಮಿಲಿ ಲೀಟರ್. ನಾಲ್ಕೂ ಮೂಲೆಗೆ ಒಂದೇ ದಿನ ಚುಚ್ಚಿದರೆ ಈ ಗಡಿ ಸುಲಭವಾಗಿ ದಾಟುತ್ತದೆ. ಮಂಪರಿನ ಜೊತೆ ಸೇರಿದರೆ ಫಿಟ್ಸ್ ಬರುವವರೆಗೂ ಹೋಗಬಹುದು.

ಹೊಟ್ಟೆ ಖಾಲಿ ಇರಬೇಕಾದ ಲೆಕ್ಕ: ನೀರಿಗೆ 2 ಗಂಟೆ, ತಾಯಿಹಾಲಿಗೆ 4, ಹಸುವಿನ ಹಾಲು, ರಾಗಿ ಮಾಲ್ಟ್, ಇಡ್ಲಿಗೆ 6, ವಡೆ, ಪೂರಿ, ಮಾಂಸಕ್ಕೆ 8. ಹಾಲು ಹಾಕಿದ ಚಹಾ ಕೂಡ ಹಾಲೇ. "ಮಗು ಹಸಿದಿದೆ ಪಾಪ" ಅಂತ ಅಜ್ಜಿ ಕೊಟ್ಟ ಅರ್ಧ ಲೋಟ ಹಾಲನ್ನು ಮುಚ್ಚಿಡಬೇಡಿ. ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬರೀ ನಗೆ ಅನಿಲಕ್ಕೆ ಇಷ್ಟು ಕಟ್ಟುನಿಟ್ಟಿಲ್ಲ, ಹೊಟ್ಟೆ ಬಿರಿಯುವಷ್ಟು ತಿನ್ನಿಸದಿದ್ದರೆ ಸಾಕು.

ಪೂರ್ಣ ಅರಿವಳಿಕೆ ಯಾರಿಗೆ? ಮೂರು ವರ್ಷದೊಳಗಿದ್ದು ಬಾಯಿತುಂಬ ಹುಳುಕಾದ ಮಗುವಿಗೆ, ಹೇಳಿದ್ದು ಗ್ರಹಿಸಲಾಗದ ವಿಶೇಷ ಮಕ್ಕಳಿಗೆ, ಹತ್ತು ಹನ್ನೆರಡು ಹಲ್ಲಿನ ಕೆಲಸ ಒಟ್ಟಿಗೆ ಬಾಕಿ ಇರುವವರಿಗೆ. ಮೂಗಿನಿಂದ ಕೊಳವೆ ಇಳಿಸಿ, ಗಂಟಲಿಗೆ ಬಟ್ಟೆ ತುಂಬಿ, ಎರಡು ಮೂರು ಗಂಟೆಯಲ್ಲಿ ಎಲ್ಲ ಮುಗಿಸುತ್ತಾರೆ. ಆ ಬಟ್ಟೆಯನ್ನು ಎಣಿಸಿ ಹೊರತೆಗೆದದ್ದನ್ನು ಬರೆದಿಡುವುದು ಕಡ್ಡಾಯ. ಬಹುಪಾಲು ಮಕ್ಕಳು ಅವತ್ತೇ ಮನೆಗೆ ಹೋಗುತ್ತಾರೆ. ಎಚ್ಚರವಾಗುವಾಗ ಅರ್ಧ ಗಂಟೆ ಅತ್ತು ರಂಪ ಮಾಡುವುದು, ಮೂಗಲ್ಲಿ ಸ್ವಲ್ಪ ರಕ್ತ, ಗಂಟಲು ಕೆರೆತ, ಇವು ಇದ್ದದ್ದೇ. ಮಿದುಳಿಗೆ ತೊಂದರೆಯಾಗುತ್ತದೆಯೇ ಅನ್ನುವ ಆತಂಕಕ್ಕೆ ಕಾರಣ, ಮೂರು ವರ್ಷದೊಳಗಿನ ಮಕ್ಕಳಿಗೆ 3 ಗಂಟೆ ಮೀರಿದ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಕೊಟ್ಟ ಎಚ್ಚರಿಕೆ. ಒಂದೇ ಸಲದ, ಕಡಿಮೆ ಹೊತ್ತಿನ ಅರಿವಳಿಕೆಯಿಂದ ಅಂಥ ಹಾನಿ ಆ ಮೇಲಿನ ಅಧ್ಯಯನಗಳಲ್ಲಿ ಕಂಡಿಲ್ಲ. ಆದ್ದರಿಂದ ಥಿಯೇಟರಿಗೆ ಒಯ್ದರೆ ಎಲ್ಲ ಹಲ್ಲನ್ನೂ ಅಂದೇ ಮುಗಿಸಬೇಕು, ಉಳಿಯುವ ಭರವಸೆ ಇಲ್ಲದ ಹಲ್ಲನ್ನು ಕಿತ್ತೇಬಿಡಬೇಕು. ಆರು ತಿಂಗಳಿಗೆ ಮತ್ತೆ ಒಯ್ಯುವ ಹಾಗೆ ಆಗಬಾರದು.

ಮನೆಗೆ ಹೊರಡುವಾಗ ಮಗು ಕರೆದರೆ ಕಣ್ಣು ಬಿಟ್ಟು, ಆಸರೆಯಿಲ್ಲದೆ ಕೂರಬೇಕು. ಇಬ್ಬರು ದೊಡ್ಡವರು ಜೊತೆಗಿರಲಿ. ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡು ಹೋಗಬೇಡಿ. ಆಟೋ ಆಗಲಿ ಕಾರಾಗಲಿ, ಒಬ್ಬರು ಮಗುವಿನ ಪಕ್ಕ ಕೂತು ಗಲ್ಲ ಎದೆಗೆ ಬೀಳದಂತೆ ನೋಡಿಕೊಳ್ಳಬೇಕು. ಮನೆಯಲ್ಲಿ ಮೊದಲು ನೀರು, ವಾಂತಿಯಿಲ್ಲದಿದ್ದರೆ ಗಂಜಿ. ಅವತ್ತು ಸೈಕಲ್, ಮೆಟ್ಟಿಲು ಬೇಡ. ತುಟಿ ಎರಡು ಮೂರು ಗಂಟೆ ಮರಗಟ್ಟಿರುತ್ತದೆ, ಮಗು ಅದನ್ನು ಕಚ್ಚಿಕೊಂಡು ಮರುದಿನ ತುಟಿ ಊದಿ ಬಿಳಿಯ ಹುಣ್ಣಾಗುವುದು ತುಂಬ ಸಾಮಾನ್ಯ, ಕೀವಲ್ಲ ಅದು, ವಾರದಲ್ಲಿ ಮಾಯುತ್ತದೆ. ಎಬ್ಬಿಸಿದರೆ ಏಳದಿದ್ದರೆ, ಉಸಿರಿನಲ್ಲಿ ಗೊರಗೊರ ಸದ್ದಾದರೆ, ತುಟಿ ನೀಲಿಯಾದರೆ ಗಲ್ಲವನ್ನು ಮೇಲಕ್ಕೆತ್ತಿ ಹಿಡಿದು 108ಕ್ಕೆ ಕರೆ ಮಾಡಿ. ನಮಸ್ಕಾರ.