ಹಾಜರಿ ಸಂಖ್ಯೆ 31

ನಮಸ್ಕಾರ. ನನ್ನ ಹಾಜರಿ ಸಂಖ್ಯೆ 31. ನನ್ನ ಜೊತೆ ಓದಿದವರು ಈಗಲೂ ನನ್ನನ್ನು ಕರೆಯುವುದು ಹಾಗೆಯೇ. "ಏ ಮೂವತ್ತೊಂದು, ಸೊಂಟನೋವು ಹೆಂಗಿದ್ಯೇ?" ಅಂತ.

ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ 1983ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು ನಾವು. ಹಾಜರಿ ಪುಸ್ತಕದಲ್ಲಿ ಮೊದಲು 28 ಹುಡುಗರು, ಆಮೇಲೆ ನಾವು. ಹಾಗಾಗಿ ಹುಡುಗಿಯರಲ್ಲಿ ಮೂರನೆಯವಳಾದ ನಾನು ಮೂವತ್ತೊಂದನೆಯವಳಾದೆ. ಶಾಲೆ ಬಿಟ್ಟ ಮೇಲೆ ಎರಡು ಮೂರು ವರ್ಷ ಇನ್‌ಲ್ಯಾಂಡ್ ಪತ್ರ ನಡೆಯಿತು. ಮದುವೆ, ಮಕ್ಕಳು, ಅತ್ತೆಯ ಆರೈಕೆ ಅಂತಾಗಿ ಅದೂ ನಿಂತಿತು. ನಡುವಿನ ಮೂವತ್ತು ವರ್ಷದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ವಾಟ್ಸಾಪ್ ಗುಂಪು ಕಟ್ಟುವ ಹಟ ಹಿಡಿದವನು ಒಂಬತ್ತನೇ ನಂಬರಿನವ. ಸಹಕಾರ ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ನಾಲ್ಕೈದು ಜನ ಅವನ ಮನೆಯ ಜಗಲಿಯಲ್ಲಿ ಗ್ರೂಪ್ ಫೋಟೋ ಹಿಡಿದು ಕೂತರಂತೆ. ಮುಖ ಎಲ್ಲ ಗುರುತು ಸಿಗುತ್ತದೆ, ಹೆಸರು ಮಾತ್ರ ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ. ಇದು ನಮ್ಮ ವಯಸ್ಸಿನ ಮರೆವಷ್ಟೇ ಅಲ್ಲ ಅಂತ ಆಮೇಲೆ ಓದಿ ತಿಳಿದೆ. 1975ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಬಾರಿಕ್ ಮತ್ತು ಸಂಗಡಿಗರು 392 ಜನರನ್ನು ಕೂರಿಸಿ ಇದನ್ನೇ ಪರೀಕ್ಷಿಸಿದ್ದರು. ಶಾಲೆ ಬಿಟ್ಟು 30 ವರ್ಷ ದಾಟಿದವರೂ ಸಹಪಾಠಿಗಳ ಮುಖಗಳನ್ನು ನೂರಕ್ಕೆ ಸುಮಾರು 90ರಷ್ಟು ಸರಿಯಾಗಿ ಗುರುತಿಸಿದರು. ಫೋಟೋ ಇಲ್ಲದೆ ಬರೀ ನೆನಪಿನಿಂದ ಹೆಸರು ಹೇಳಿ ಅಂದರೆ ತಡವರಿಸಿದರು.

ಒಂಬತ್ತನೆಯವ ಏನು ಮಾಡಿದ ಗೊತ್ತೇ? ಕಣ್ಣು ಮುಚ್ಚಿ, ನಮ್ಮ ಗಣಿತದ ಮೇಷ್ಟ್ರ ದನಿಯಲ್ಲಿ ಹಾಜರಿ ಕರೆಯುತ್ತಾ ಹೋದ. ಒಂದರಿಂದ 28ರವರೆಗೆ ಒಂದೂ ತಪ್ಪಲಿಲ್ಲ. ಅಲ್ಲಿಗೆ ಗಾಡಿ ನಿಂತಿತು. ನನಗೆ ಫೋನು ಬಂತು, 29ರಿಂದ ಮುಂದಿನದನ್ನು ನಾನು ಒಪ್ಪಿಸಿದೆ. ತಮ್ಮ ಹೆಸರು ಮುಗಿದ ಮೇಲೆ ಈ ಹುಡುಗರು ಕಿವಿಗೆ ಹಾಕಿಕೊಳ್ಳುತ್ತಲೇ ಇರಲಿಲ್ಲ!

ಹುಡುಗರೆಲ್ಲ ಒಂದು ತಿಂಗಳಲ್ಲಿ ಸಿಕ್ಕಿದರು. ಅದೇ ಊರು, ಅದೇ ತೋಟ, ಬೆಂಗಳೂರಿಗೆ ಹೋದವನ ನಂಬರು ಅವನ ಅಣ್ಣನ ಹತ್ತಿರ. ಹುಡುಗಿಯರನ್ನು ಹುಡುಕಲು ವರ್ಷಗಳೇ ಹಿಡಿದವು. ಫೋನು ಗಂಡನ ಹೆಸರಲ್ಲೋ ಮಗನ ಹೆಸರಲ್ಲೋ ಇರುತ್ತದೆ. ಒಬ್ಬಳಿಗಂತೂ ಗಂಡನ ಮನೆಯಲ್ಲಿ ಹೆಸರನ್ನೇ ಬದಲಿಸಿದ್ದರು. ಫೇಸ್‌ಬುಕ್ಕಿನಲ್ಲಿ ಏನಂತ ಹುಡುಕುವುದು? ಕೊನೆಗೆ ಕೆಲಸಕ್ಕೆ ಬಂದಿದ್ದು ಸಾಗರದ ಮಾರಿಕಾಂಬಾ ಜಾತ್ರೆ. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ, ತವರಿಗೆ ಬರದ ಹೆಣ್ಣುಮಗಳು ಕಡಿಮೆ.

2023ರ ಫೆಬ್ರವರಿ. ಬಳೆ ಅಂಗಡಿಯ ಮುಂದೆ ಒಬ್ಬಾಕೆ ಕೈ ಚಾಚಿ ಕೂತಿದ್ದಳು. ಬಳೆಗಾರ ಅವಳ ಅಂಗೈಯನ್ನು ಮಡಿಸಿ ಒತ್ತಿ ಹಸಿರು ಬಳೆ ಏರಿಸುತ್ತಿದ್ದ. ಹೆಬ್ಬೆರಳಿನ ಬುಡದಲ್ಲಿ ಅಡ್ಡಕ್ಕೆ ಒಂದು ಬಿಳಿ ಗೀರು ಕಂಡಿತು. ಒಂಬತ್ತನೇ ಕ್ಲಾಸಿನಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿದು, ಕತ್ತಿ ತಾಗಿಸಿಕೊಂಡು, ಅರಿಶಿನದ ಬಟ್ಟೆ ಸುತ್ತಿಕೊಂಡು ನನ್ನ ಪಕ್ಕ ಬಂದು ಕೂತ ಹುಡುಗಿಯ ಕೈ ಅದು. ಬೆನ್ನು ಮುಟ್ಟಿ "ಮೂವತ್ತಾರು" ಅಂದೆ. ಬಳೆಗಾರ ಬಳೆಯ ಲೆಕ್ಕ ಅಂದುಕೊಂಡ. ಅವಳು ತಿರುಗಿದಳು.

ಗುಂಪಿಗೆ ಸೇರಿಸುತ್ತೇನೆ ಅಂದರೆ ಒಪ್ಪಲಿಲ್ಲ. "ನಾನು ಫೇಲಾದವಳು ಅಲ್ವೇನೇ, ನನಗ್ಯಾಕೆ ಅದು?" ನಲವತ್ತು ವರ್ಷದ ಹಿಂದೆ ಗಣಿತದಲ್ಲಿ ಹೋದದ್ದು ಅವಳಿಗೆ ನಿನ್ನೆಯಂತಿತ್ತು. ಆಗ ನನಗೆ ಹೊಳೆದದ್ದು ಇನ್ನೊಂದು. ನಾವು ಒಪ್ಪಿಸಿದ್ದು ಹತ್ತನೇ ಕ್ಲಾಸಿನ ಹಾಜರಿ. ಎಂಟು, ಒಂಬತ್ತರಲ್ಲೇ ಶಾಲೆ ಬಿಟ್ಟು ದನ ಕಾಯಲು ಹೋದವರಿಗೆ, ಮದುವೆಯಾಗಿ ಹೋದವರಿಗೆ ಅದರಲ್ಲಿ ನಂಬರೇ ಇಲ್ಲ. ಹಳೆಯ ವಿದ್ಯಾರ್ಥಿಗಳು ಅಂದರೆ ಪಾಸಾದವರು ಮಾತ್ರವೇ? ಈ ಬಗ್ಗೆ ಒಂಬತ್ತನೆಯವನ ಜೊತೆ ಒಂದು ವಾರ ಜಗಳವಾಡಿದೆ. ಎಂಟನೇ ಕ್ಲಾಸಿನಿಂದ ಎಣಿಸುವುದು ಅಂತ ತೀರ್ಮಾನವಾಯಿತು. ಮೂವತ್ತಾರೂ ಸೇರಿದಳು. ಎಂಟನೇ ಕ್ಲಾಸಿನ ನಂಬರೂ ಸೇರಿ ಈಗ ನಮ್ಮಲ್ಲಿ ಇಬ್ಬರು ಹದಿನಾಲ್ಕು ಇದ್ದಾರೆ: ದೊಡ್ಡ ಹದಿನಾಲ್ಕು, ಸಣ್ಣ ಹದಿನಾಲ್ಕು.

ಗುಂಪು ಶುರುವಿನಲ್ಲೇ ಸಾಯುವ ಹಾಗಿತ್ತು. ಬೆಳಿಗ್ಗೆದ್ದರೆ ಗುಲಾಬಿ ಹೂವಿನ ಚಿತ್ರ, ಮಗನ ಅಮೆರಿಕದ ಮನೆ, ಹೊಸ ಕಾರು. ತೋರಿಸಲು ಏನೂ ಇಲ್ಲದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅದಕ್ಕೆ ಭಾನುವಾರ ಸಂಜೆ ಹಾಜರಿ ಅಂತ ಮಾಡಿಕೊಂಡೆವು. ನಂಬರಿನ ಪ್ರಕಾರ ಒಬ್ಬೊಬ್ಬರೂ ಒಂದು ನಿಮಿಷ ಮಾತಾಡಿ ಕಳಿಸಬೇಕು. ಬರೆಯಲು ಬೇಸರಪಡುವವರಿಗೂ ಬಾಯಿ ಇದೆಯಲ್ಲ. ದನ ಕರು ಹಾಕಿತು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಿದೆ, ಎಲೆಚುಕ್ಕಿ ರೋಗ ನಮ್ಮ ತೋಟಕ್ಕೂ ಬಂತು, ಸಕ್ಕರೆ ಇನ್ನೂರಕ್ಕೆ ಇಳಿದಿದೆ. ಇಂಥವೇ. ನಮ್ಮಲ್ಲಿ ಮೂವರು ಈಗಿಲ್ಲ. ಒಂಬತ್ತನೆಯವ ಅವರನ್ನೂ ಬಿಡದೆ ಕರೆಯುತ್ತಾನೆ.

ಮೂವತ್ತಾರನ್ನು ಮದುವೆ ಮಾಡಿಕೊಟ್ಟದ್ದು ಕರೂರು ಹೋಬಳಿಗೆ, ಶರಾವತಿ ಹಿನ್ನೀರಿನ ಆಚೆ ದಡಕ್ಕೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅಲ್ಲಿಯವರಿಗೆ ಸಾಗರಕ್ಕೆ ಬರಲು ಲಾಂಚೇ ಗತಿಯಾಗಿತ್ತು. ನಾವು ಎಲ್ಲಿ ಸೇರಿದರೂ ಅವಳು ಊಟ ಮುಗಿಸಿ ಕೈ ತೊಳೆಯುತ್ತಲೇ ಚೀಲ ಎತ್ತಿಕೊಳ್ಳುತ್ತಿದ್ದಳು. ಕೊನೆಯ ಲಾಂಚು ತಪ್ಪಿದರೆ ರಾತ್ರಿ ಈಚೆ ದಡದಲ್ಲೇ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಆಮೇಲೆ ನಮ್ಮನೆಯಲ್ಲಿ ಸೇರಿದಾಗ ನಾಲ್ಕು ಗಂಟೆಗೆ ಅಭ್ಯಾಸಬಲದಿಂದ ಎದ್ದು ಚೀಲ ಹುಡುಕಿದಳು. ಸಣ್ಣ ಹದಿನಾಲ್ಕು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ. "ಲಾಂಚು..." ಅಂದವಳು ತಾನೇ ನಕ್ಕು ಕೂತು, "ಇನ್ನೊಂದು ಲೋಟ ಕಷಾಯ ಹಾಕೇ" ಅಂದಳು.

ಕತ್ತಲಾದ ಮೇಲೆ ಅವಳ ಮಗ ಬೈಕು ತಂದ. ಸೇತುವೆಯ ಮಧ್ಯದಿಂದ ಗುಂಪಿಗೆ ಒಂದು ದನಿ ಕಳಿಸಿದಳು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ಸುತ್ತ ನೀರು, ಬರೀ ಗಾಳಿಯ ಸದ್ದು. ಅವಳು ಹೇಳಿದ್ದು ಒಂದಕ್ಷರವೂ ಕೇಳಿಸಲಿಲ್ಲ. ಎಲ್ಲರೂ "ಏನಂದೆ? ಇನ್ನೊಂದು ಸಲ ಹೇಳೇ" ಅಂತ ಕೇಳಿದೆವು. ಅಷ್ಟರಲ್ಲಿ ಅವಳು ಆಚೆ ದಡ ಮುಟ್ಟಿದ್ದಳು.

ನಮಸ್ಕಾರ.